ಬೂದಿ ಏಳುವವರೆಗೆ

"ಆ ಮನೇಲಿ ಏಳನೇ ಕ್ಲಾಸು ಪಾಸಾಗೋ ಯೋಗ್ಯತೆ ಇರೋದು ಒಬ್ರಿಗೇ," ಅಂದರು ಕಾಳಿಂಗಯ್ಯ ಮೇಷ್ಟ್ರು. "ಅದಕ್ಕೂ ನಾಲ್ಕು ಕಾಲು."

ಕೂಗಿ ಹೇಳಲಿಲ್ಲ. ಮಗುವನ್ನು ತಟ್ಟಿ ಮಲಗಿಸುವವರ ದನಿಯಲ್ಲಿ ಹೇಳಿದರು. ಆದರೆ ಒಲೆಬಯಲಿನಲ್ಲಿ ಆ ಹೊತ್ತಿಗೆ ಸೌದೆ ಚಟಗುಟ್ಟುವುದು ಬಿಟ್ಟರೆ ಬೇರೆ ಸದ್ದೇ ಇರಲಿಲ್ಲ. ಮಾತು ನಮ್ಮ ಸಾಲಿನ ಹನ್ನೆರಡು ಒಲೆಗಳನ್ನು ದಾಟಿ, ಹಗ್ಗದಾಚೆ ನಿಂತಿದ್ದ ಪರಸ್ಥಳದವರನ್ನೂ ಮುಟ್ಟಿತು. ಹೆಂಗಸರು ಸೆರಗನ್ನು ಬಾಯಿಗೆ ಅಡ್ಡ ಹಿಡಿದರು. ಗಂಡಸರು ತಲೆ ತಗ್ಗಿಸಿ ಭುಜ ಕುಣಿಸಿದರು. ಪಾಕದ ಹಬ್ಬದ ಒಂಬತ್ತು ದಿನ ನಮ್ಮೂರಿನಲ್ಲಿ ನಗುವುದೂ ಹೀಗೆಯೇ, ಸದ್ದಿಲ್ಲದೆ.

ಆ ನಾಲ್ಕು ಕಾಲಿನದು ನಮ್ಮ ಬೂದಿ. ಒಂದು ಕಿವಿ ಹರಿದ, ಬೂದಿ ಬಣ್ಣದ ಹೆಣ್ಣುನಾಯಿ. ಒಲೆಯ ಪಕ್ಕದಲ್ಲಿ ಮೂತಿಯನ್ನು ಬಾಲದೊಳಗೆ ಸಿಕ್ಕಿಸಿ ಮಲಗಿತ್ತು. ಅದನ್ನು ನೋಡಿ ಪರಸ್ಥಳದ ಹೆಂಗಸೊಬ್ಬಳು, ಎಷ್ಟು ಬುದ್ಧಿವಂತ ನಾಯಿ, ಯಾರ ಮನೆಯದು ಎಂದು ಮೇಷ್ಟ್ರನ್ನು ಕೇಳಿದ್ದಳು. ಅದಕ್ಕೆ ಅವರು ಕೊಟ್ಟ ಉತ್ತರ ಅದು.

ನನ್ನ ಹೆಸರು ಜವರ. ಬಸ್ ನಿಲ್ದಾಣದ ಪಕ್ಕದ ಪಂಕ್ಚರ್ ಅಂಗಡಿ ನನ್ನದು. ಏಳನೇ ಕ್ಲಾಸಿನ ನಡುವೆ ಶಾಲೆ ಬಿಟ್ಟೆ. ಇದೇ ಮೇಷ್ಟ್ರು ಒಂದು ದಿನ ನನ್ನ ಮೇಲೆ ಡಸ್ಟರ್ ಎಸೆದರು, ನಾನು ಅದನ್ನು ತಿರುಗಿ ಎಸೆದೆ. ನನ್ನ ಗುರಿ ಅವರದಕ್ಕಿಂತ ಚೆನ್ನಾಗಿತ್ತು. ಅವರ ಬಲಹುಬ್ಬಿನ ಮೇಲೆ ಇವತ್ತಿಗೂ ಒಂದು ಗೆರೆ ಇದೆ. ಕೋಪ ನನಗೆ ಹಸಿವಿನ ಹಾಗೆ, ಹೊತ್ತುಹೊತ್ತಿಗೆ ಬರುತ್ತದೆ, ಬಂದಾಗ ಅದರ ಬಾಯಿಗೆ ಏನಾದರೂ ಹಾಕಲೇಬೇಕು. ಸಾಲದ್ದಕ್ಕೆ ನನಗೆ ಸಣ್ಣ ದನಿ ಎಂಬುದೇ ಇಲ್ಲ. ಬೇರೆಯವರಿಗೆ ಗಂಟಲಿನಲ್ಲಿ ಎರಡು ಬಾಗಿಲಿರಬಹುದು, ನನಗಿರುವುದು ಒಂದೇ, ಅದೂ ದೊಡ್ಡದು. ಆದ್ದರಿಂದ ಆವತ್ತು ಮೇಷ್ಟ್ರ ಮಾತಿಗೆ ನಾನು ಉತ್ತರ ಕೊಡುವ ಹಾಗಿರಲಿಲ್ಲ. ಅದು ಅವರಿಗೂ ಗೊತ್ತಿತ್ತು.

ನಮ್ಮೂರಿನ ಮೂರು ಕಡೆಗೂ ಸೋರುಮರಗಳು. ಹೊರಗಿನವರು ಮೇಪಲ್ ಅನ್ನುತ್ತಾರೆ, ಅನ್ನಲಿ. ಚಳಿಗಾಲ ಕಳೆಯುತ್ತ ಬಂದು, ಬೆಳಗ್ಗೆ ಬಕೆಟ್ಟಿನ ನೀರಿನ ಮೇಲೆ ಗಾಜಿನಂಥ ಪದರ ಕಟ್ಟಿ ಮಧ್ಯಾಹ್ನಕ್ಕೆ ಕತ್ತಿನ ಹಿಂದೆ ಬೆವರು ಬರುವ ದಿನಗಳಲ್ಲಿ, ಮರಕ್ಕೆ ಬಿದಿರಿನ ಕೊಳವೆ ಸಿಕ್ಕಿಸಿದರೆ ಹನಿಹನಿಯಾಗಿ ರಸ ಇಳಿಯುತ್ತದೆ. ನೋಡಲು ನೀರು. ಕುಡಿದರೂ ಹೆಚ್ಚುಕಡಿಮೆ ನೀರೇ. ನುಂಗಿದ ಮೇಲೆ ನಾಲಿಗೆಯ ತುದಿಯಲ್ಲಿ, ಸಿಹಿ ಬಂದು ನಿಲ್ಲದೆ ಹೋಯಿತೇನೋ ಎಂಬ ಹಾಗೆ ಇರುತ್ತದೆ. ಅಂಥ ನಲವತ್ತು ಕೊಡ ರಸವನ್ನು ಕುದಿಸಿದರೆ ಒಂದು ಕೊಡ ಪಾಕ. ಆದರೆ ಕುದಿಸಿದರೆ ಸಾಲದು, ಒಲೆಯ ಪಕ್ಕದಲ್ಲಿ ನಾಯಿ ಮಲಗಿರಬೇಕು. ನಾಯಿ ಮಲಗದ ಒಲೆಯ ಮೇಲೆ ಮೂರು ದಿನ ಕುದಿಸಿದರೂ ರಸ ಬತ್ತುತ್ತದೆಯೇ ಹೊರತು ಗಟ್ಟಿಯಾಗುವುದಿಲ್ಲ. ನಾಯಿ ತಾನಾಗಿ ನಿದ್ದೆ ಮುಗಿಸಿ ಎದ್ದರೆ ಪಾಕ ಬಂತೆಂದು ಅರ್ಥ, ಕೊಪ್ಪರಿಗೆ ಇಳಿಸಬೇಕು. ನಡುವೆ ಬೆಚ್ಚಿ ಎದ್ದರೆ ಕೆಲಸ ಅಲ್ಲಿಗೇ ನಿಂತಿತು. ಆಮೇಲೆ ಕಾಡು ಕಡಿದು ತಂದು ಒಟ್ಟಿದರೂ ಆ ಒಲೆಯ ಮೇಲೆ ಅದು ಒಂದೆಳೆಯೂ ಹೆಚ್ಚು ಗಟ್ಟಿಯಾಗದು. ಒಮ್ಮೆ ಎದ್ದ ನಾಯಿ ಆ ದಿನ ಅದೇ ಒಲೆಯ ಮುಂದೆ ಮತ್ತೆ ಮಲಗಿದ್ದನ್ನು ಯಾರೂ ಕಂಡಿಲ್ಲ. ಅದನ್ನು ಕರೆಯುವ ಹಾಗಿಲ್ಲ, ಎಳೆಯುವ ಹಾಗಿಲ್ಲ, ಒಲೆಯ ಹತ್ತಿರ ತಿನ್ನಲು ಕೊಡುವ ಹಾಗೂ ಇಲ್ಲ.

ಹೀಗಾಗಿ ಒಂಬತ್ತು ದಿನ, ಒಲೆ ಹೊತ್ತಿದಾಗಿನಿಂದ ಆ ದಿನದ ಕೊನೆಯ ನಾಯಿ ಏಳುವವರೆಗೆ, ಊರಿಗೆ ಊರೇ ಪಿಸುಮಾತಿನಲ್ಲಿ ಬದುಕುತ್ತದೆ. ಬಸ್ಸಿನವನು ಕೆಳಗಿನ ತಿರುವಿನಿಂದಲೇ ಹಾರನ್ ಮುಟ್ಟುವುದಿಲ್ಲ. ಗಂಡಹೆಂಡಿರು ಜಗಳವನ್ನು ಹತ್ತನೆಯ ದಿನಕ್ಕೆ ಎತ್ತಿಡುತ್ತಾರೆ, ಕೆಲವರು ಎಲ್ಲಿಟ್ಟೆವೆಂದು ಮರೆತೂಬಿಡುತ್ತಾರೆ. ಬೈಯದೆ ಇರಲಾರದವರು ಜೋಗುಳದ ದನಿಯಲ್ಲಿ ಬೈಯುವುದನ್ನು ಕಲಿತಿದ್ದಾರೆ. ನಮ್ಮಕ್ಕ ಸಾಕಮ್ಮ ಹಿಟ್ಟಿನ ಗಿರಣಿ ನಡೆಸುವವಳು. ವರ್ಷವೆಲ್ಲ ಗಿರಣಿಯ ಗದ್ದಲದ ಮೇಲೆ ಕೂಗಿ ಮಾತಾಡುವ ಅವಳೂ ಆಗ ಗಿರಣಿಗೆ ಬೀಗ ಜಡಿದು, ಕಣ್ಣು ಹುಬ್ಬುಗಳಲ್ಲೇ ಮನೆ ನಡೆಸುತ್ತಾಳೆ. ಅವಳ ಹುಬ್ಬು ಅವಳ ಬಾಯಿಗಿಂತ ಜೋರು.

ನಿಜ ಹೇಳಬೇಕೆಂದರೆ ವರ್ಷದಲ್ಲಿ ನನಗೆ ಹಿಡಿಸುವ ಒಂಬತ್ತು ದಿನಗಳು ಇವೇ. ಇದನ್ನು ಯಾರೂ ನಂಬುವುದಿಲ್ಲ. ಬಯಲೆಲ್ಲ ಸಿಹಿ ಹಬೆ. ಆ ಹಬೆಗೆ ಮೀಸೆ ಅಂಟುತ್ತದೆ, ಅಂಗಿಯ ಕಾಲರ್ ಅಂಟುತ್ತದೆ, ಮಲಗಿದ ನಾಯಿಗಳ ಮೈಮೇಲೆ ಸಣ್ಣ ಹನಿಗಳು ಕೂತು ಹೊಳೆಯುತ್ತವೆ. ಹಗ್ಗದಾಚೆ ಬಿಸಿ ರೊಟ್ಟಿಯ ಮೇಲೆ ಪಾಕ ಸುರಿದು ಕೊಡುತ್ತಾರೆ. ತಿನ್ನುವವರು ಅಗಿಯುವುದನ್ನೂ ಮೆಲ್ಲಗೆ ಮಾಡುತ್ತಾರೆ. ಹಬ್ಬಕ್ಕೆ ಬರುವ ಹೊರಗಿನವರು ತಮ್ಮ ನಾಯಿಗಳನ್ನೂ ಕರೆತರುತ್ತಾರೆ. ಬುಟ್ಟಿಯಲ್ಲಿ ಕೂತು ಬರುವವು, ಸ್ವೆಟರ್ ಹಾಕಿಕೊಂಡು ಬರುವವು, ಯಜಮಾನನನ್ನೇ ಎಳೆದುಕೊಂಡು ಬರುವವು. ಬಸ್ಸಿಳಿದವರು ಮೊದಲು ಸಿಗುವ ನನ್ನ ಅಂಗಡಿಯಲ್ಲೇ ವಿಚಾರಿಸುತ್ತಾರೆ. ನಾನು ಹೇಳುವುದಿಷ್ಟೆ: ಕುಡಿಯಲು ನೀರು ನೀವೇ ತನ್ನಿ, ಕೆಳಗೆ ಚೆಲ್ಲಿದ ಪಾಕ ನೆಕ್ಕಲು ಬಿಡಬೇಡಿ, ನೆಕ್ಕಿದರೆ ಅದರ ಹೊಟ್ಟೆಯೂ ಹೋಗುತ್ತದೆ, ನಿಮ್ಮ ಹಬ್ಬವೂ ಹೋಗುತ್ತದೆ. ಒಲೆಗಳಿಂದ ಹತ್ತು ಹೆಜ್ಜೆ ದೂರ ಇರಿ. ಮಿಕ್ಕಿದ್ದು ನಿಮ್ಮ ನಾಯಿಗೇ ಗೊತ್ತಾಗುತ್ತದೆ. ಬಯಲಿನ ಬಾಗಿಲಲ್ಲಿ ಒಂದು ಹಳೆಯ ಹಲಗೆಯೂ ಇದೆ. ಅದರ ಮೇಲೆ, ನಾಯಿಗೆ ಹಗ್ಗ ಬೇಡ, ನಾಲಿಗೆಗೆ ಇರಲಿ ಎಂದು ಬರೆದಿದೆ. ಮೇಷ್ಟ್ರದೇ ಅಕ್ಷರ. ಅಕ್ಷರ ಚೆನ್ನಾಗಿದೆ, ಅದನ್ನು ಇಲ್ಲ ಅನ್ನುವುದಿಲ್ಲ.

ದಿನಕ್ಕೆ ಒಂದು ಸಾಲಿನ ಒಲೆಗಳು, ಒಂದು ಮನೆಗೆ ವರ್ಷಕ್ಕೆ ಒಂದೇ ದಿನ, ಒಂದೇ ಕೊಪ್ಪರಿಗೆ. ಪ್ರತಿ ಒಲೆಯ ಮುಂದೆಯೂ ಆ ಮನೆಯವರ ಒಂದು ಕಲ್ಲು ನೆಟ್ಟಿರುತ್ತದೆ. ಸಾಲಿನ ಕೊನೆಯ ನಾಯಿಯೂ ಎದ್ದ ಮೇಲೆ ಕಲ್ಲಜ್ಜಿ ಬರುತ್ತಾಳೆ. ಅವಳಿಗೆ ಬೇರೆ ಹೆಸರಿತ್ತು, ಈಗ ಯಾರಿಗೂ ನೆನಪಿಲ್ಲ. ಸೋರುಮರದ ಕಡ್ಡಿಯನ್ನು ಕೊಪ್ಪರಿಗೆಯಲ್ಲಿ ಅದ್ದಿ, ಕಲ್ಲಿನ ನೆತ್ತಿಗೆ ಮುಟ್ಟಿಸಿ, ಮೆಲ್ಲಗೆ ಮೇಲೆತ್ತುತ್ತಾಳೆ. ಕಲ್ಲಿಗೂ ಕಡ್ಡಿಗೂ ನಡುವೆ ಪಾಕದ ಎಳೆ ಒಂದು ಗೇಣು ನಿಂತರೆ ಆ ಮನೆಯ ವರ್ಷ ಗೆದ್ದಿತು. ಮುರಿದರೆ ಸೋತಿತು. ಮೂರು ವರ್ಷ ಒಂದರ ಹಿಂದೊಂದು ಮುರಿದರೆ ಕಲ್ಲನ್ನು ಕಿತ್ತು ಬೋರಲು ಹಾಕುತ್ತಾರೆ. ಆಮೇಲೆ ಆ ಮನೆಯವರು ಹಬ್ಬಕ್ಕೆ ಬರಬಹುದು, ಹಗ್ಗದಾಚೆ ನಿಂತು ಕಾಗದದ ಲೋಟದಲ್ಲಿ ಪಾಕ ಕುಡಿಯಬಹುದು, ನಾಯಿಯನ್ನೂ ಕರೆತರಬಹುದು. ಒಲೆ ಮಾತ್ರ ಇಲ್ಲ.

ನಮ್ಮದು ಎರಡು ವರ್ಷ ಮುರಿದಿತ್ತು. ಎರಡೂ ನನ್ನಿಂದಲೇ. ಮೊದಲ ವರ್ಷ ಹೊರಗಿನವನೊಬ್ಬ ಹಗ್ಗ ದಾಟಿ ಬಂದು ಮಲಗಿದ್ದ ಬೂದಿಯ ಮೂಗಿಗೆ ಬಿಸ್ಕತ್ತು ಹಿಡಿದ. ನಾನು ಬಾಯಿ ಬಿಟ್ಟೆ. ಎರಡನೆಯ ವರ್ಷ ಪಕ್ಕದ ಒಲೆಯ ಕಾಳಿಂಗಯ್ಯ ಮೇಷ್ಟ್ರು ನನ್ನ ಅಂಗಡಿಯ ಬೋರ್ಡಿನಲ್ಲಿ ಪಂಕ್ಚರ್ ಎಂಬ ಪದವನ್ನು ತಪ್ಪಾಗಿ ಬರೆದಿದೆ ಎಂದು ಎಲ್ಲರಿಗೂ ಕೇಳುವ ಹಾಗೆ ಪಿಸುಗುಟ್ಟಿದರು. ನಾನು ಎದ್ದು ನಿಂತು ಕೂಗಿದ ಕೂಗಿಗೆ ನಾಲ್ಕು ನಾಯಿ ಎದ್ದವು. ನಮ್ಮ ಬೂದಿ, ಮೇಷ್ಟ್ರ ಮುತ್ತು, ಇನ್ನೆರಡು ಮನೆಯವು. ನಾಲ್ಕು ಮನೆಯ ಪಾಕ ನೀರಾಯಿತು.

ಈ ವರ್ಷ ನಮ್ಮ ಸಾಲಿನ ದಿನ ಬೆಳಗ್ಗೆ ಮನೆ ಬಿಡುವ ಮುಂಚೆ ಅಕ್ಕ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿದಳು. ಗಟ್ಟಿಯಾಗಿ ಮಾತಾಡಲು ಅದೇ ಕೊನೆಯ ಜಾಗ.

"ಲೋ ಜವರ, ಅವ್ವ ಇದ್ದಾಗಿಂದ ಆ ಕಲ್ಲಿಗೆ ನಾನೇ ಅರಿಶಿನ ಹಚ್ಚಿರೋದು. ಲೋಟ ಹಿಡ್ಕೊಂಡು ಹಗ್ಗದ್ ಆಚೆ ನಿಂತ್ಕೊಳೋ ಪಾಡು ನಂಗೆ ತರಬ್ಯಾಡ. ಬೂದಿ ಏಳೋಗಂಟ ನಿನ್ ಬಾಯಿ ನಿಂದಲ್ಲ, ನಂದು."

ಆಯಿತು ಅಂದೆ. ಅದಾಗಿ ಎರಡು ಗಂಟೆ ಕಳೆದಿರಲಿಲ್ಲ, ಮೇಷ್ಟ್ರು ನಾಲ್ಕು ಕಾಲಿನ ಮಾತಾಡಿದರು.

ಅಕ್ಕನ ಹುಬ್ಬು ನನ್ನ ಕಡೆ ತಿರುಗಿತು. ನಾನು ಒಂದು ಸೌದೆ ಕೈಗೆತ್ತಿಕೊಂಡು ಅದನ್ನೇ ಹಿಂಡಿದೆ. ಅದರ ಸಿಬಿರು ಅಂಗೈಗೆ ಹೊಕ್ಕಿತು, ಒಳ್ಳೆಯದೇ ಆಯಿತು, ಅದನ್ನು ಕೀಳುವ ಕೆಲಸ ಸಿಕ್ಕಿತು. ಕೀಳುತ್ತ ಉತ್ತರ ಕಟ್ಟತೊಡಗಿದೆ. ಸಂಜೆ ಬೂದಿ ಎದ್ದ ಮೇಲೆ ಬಾಯಿ ನನ್ನದೇ ತಾನೆ. ಮೊದಲನೆಯ ಉತ್ತರ ಬರಿಯ ಬೈಗುಳ. ಎರಡನೆಯದು ಅವರ ಬೋಳುತಲೆಯ ಬಗ್ಗೆ. ಮೂರನೆಯದರಲ್ಲಿ ಹುಬ್ಬಿನ ಗೆರೆ ಬಂತು, ಅದು ಪರವಾಗಿಲ್ಲ ಅನ್ನಿಸಿತು, ಆದರೆ ಹಳೆಯದು. ಹೊತ್ತು ಏರುತ್ತಿದ್ದ ಹಾಗೆ ಉತ್ತರಗಳೂ ರಸದ ಹಾಗೆ ಬತ್ತುತ್ತ, ಮಂದವಾಗುತ್ತ ಬಂದವು. ಮಧ್ಯಾಹ್ನದ ಹೊತ್ತಿಗೆ ಹನ್ನೊಂದು ಉತ್ತರಗಳಾಗಿದ್ದವು. ಸಾಲಿನ ಜನಕ್ಕೂ ನಾನು ಏನೋ ಕಟ್ಟುತ್ತಿದ್ದೇನೆಂದು ಗೊತ್ತಾಗಿತ್ತು. ಹೋಗುತ್ತ ಬರುತ್ತ ನನ್ನ ಮುಖ ನೋಡಿ, ಸಂಜೆಗೆ ಬೇಗ ಬರಬೇಕು ಎಂದು ಒಬ್ಬರಿಗೊಬ್ಬರು ಕಣ್ಣಿನಲ್ಲೇ ಹೇಳಿಕೊಳ್ಳುತ್ತಿದ್ದರು.

ಇಷ್ಟರ ನಡುವೆ ಮೇಷ್ಟ್ರ ಒಲೆಯ ಮೇಲೆ ಏನೂ ಆಗುತ್ತಿರಲಿಲ್ಲ. ಅವರ ಒಲೆಗೂ ನಮ್ಮ ಒಲೆಗೂ ನಡುವೆ ನಾಲ್ಕು ಮಾರು. ಬೇಡವೆಂದರೂ ಕಾಣುತ್ತದೆ. ಈ ವರ್ಷ ಅವರ ಪಕ್ಕದಲ್ಲಿ ಮುತ್ತು ಇರಲಿಲ್ಲ. ಮುತ್ತುವಿಗೆ ಕಾಲು ನೋವು, ಮಗಳ ಊರಿನಲ್ಲಿ ಒಳ್ಳೆಯ ಡಾಕ್ಟರಿದ್ದಾರೆ, ಅಲ್ಲಿಗೆ ಕಳಿಸಿದ್ದೇನೆ ಎಂದು ಎಲ್ಲರಿಗೂ ಹೇಳಿದ್ದರು. ಅವರ ಹೆಂಡತಿ ತೀರಿಕೊಂಡು ಆರು ವರ್ಷವಾಯಿತು, ಮನೆಯಲ್ಲಿ ಅವರು ಮತ್ತು ಮುತ್ತು ಇಬ್ಬರೇ. ಈಗ ಒಲೆಯ ಪಕ್ಕದಲ್ಲಿದ್ದದ್ದು ಎರವಲು ನಾಯಿ, ಆ ಪರಸ್ಥಳದ ಹೆಂಗಸಿನದೇ. ಕೆಂಪು ಸ್ವೆಟರ್ ಹಾಕಿದ ಜೂಲುನಾಯಿ, ಪಿಂಕಿ ಎಂದು ಹೆಸರು. ಪಾಪ, ಅದಕ್ಕೆ ಎಲ್ಲವೂ ಹೊಸದು. ಕೂತಿತ್ತು, ಆದರೆ ಮಲಗಲೊಲ್ಲದು. ಹಬೆಯನ್ನು ನೋಡುತ್ತಿತ್ತು, ಹಾರುವ ಕಿಡಿಯನ್ನು ನೋಡುತ್ತಿತ್ತು, ಪ್ರತಿಯೊಬ್ಬರ ಚಪ್ಪಲಿಯನ್ನೂ ನೋಡುತ್ತಿತ್ತು. ಮೇಷ್ಟ್ರ ಕೊಪ್ಪರಿಗೆಯಲ್ಲಿ ರಸ ಬೆಳಗ್ಗೆ ಸುರಿದ ಹಾಗೆಯೇ ತಿಳಿಯಾಗಿ ಕುದಿಯುತ್ತಿತ್ತು. ನಮ್ಮದು ಆಗಲೇ ಟೀ ಬಣ್ಣಕ್ಕೆ ತಿರುಗಿ, ಅಂಚಿನಲ್ಲಿ ದೊಡ್ಡ ನೊರೆ ಕಟ್ಟಿತ್ತು. ಅದನ್ನು ನೋಡಿ ನನಗೆ ಬಹಳ ಸಂತೋಷವಾಯಿತು. ಸುಳ್ಳು ಯಾಕೆ ಹೇಳಲಿ.

ಮಧ್ಯಾಹ್ನ ಹಗ್ಗದಾಚೆ ಯಾರೋ ಚಿಪ್ಸ್ ಪೊಟ್ಟಣ ಒಡೆದರು. ಚರಕ್ ಎಂದ ಆ ಸಣ್ಣ ಸದ್ದಿಗೆ ಊರಿನ ನಾಯಿಗಳು ಕಿವಿಯನ್ನೂ ಅಲ್ಲಾಡಿಸಲಿಲ್ಲ. ಪಿಂಕಿ ಮಾತ್ರ ಎದ್ದು ಅತ್ತ ಓಡಿತು. ಅದರ ಯಜಮಾನಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಮೇಷ್ಟ್ರು, ಪರವಾಗಿಲ್ಲಮ್ಮ ಎಂಬಂತೆ ಕೈಯಾಡಿಸಿದರು. ಚೀಲದಿಂದ ಒಂದು ಮಡಿಸಿದ ಗೋಣಿತಾಟು ತೆಗೆದರು. ಪಿಂಕಿಗೆಂದು ತಂದದ್ದಿರಬೇಕು, ಆಮೇಲೆ ಹಾಸಲು ಮನಸ್ಸು ಬಂದಿರಲಿಲ್ಲವೋ ಏನೋ. ಈಗ ಯಾರೂ ಇಲ್ಲದ ಜಾಗಕ್ಕೆ ಅದನ್ನು ಹಾಸಿದರು. ತಾಟಿನ ತುಂಬ ಕಂದು ಕೂದಲು.

ಬೂದಿಯ ಮೂಗು ಬಾಲದಿಂದ ಹೊರಗೆ ಬಂತು.

ಬೂದಿ ತಲೆಯೆತ್ತಿತು. ಮುಂಗಾಲು ಚಾಚಿ, ಬೆನ್ನು ಬಗ್ಗಿಸಿ ಒಂದು ಸಾರಿ ಮೈಮುರಿಯಿತು. ನಮ್ಮ ಕೊಪ್ಪರಿಗೆಯತ್ತ ತಿರುಗಿಯೂ ನೋಡದೆ ನಾಲ್ಕು ಮಾರು ನಡೆದು ಹೋಗಿ ಆ ತಾಟನ್ನು ಮೂಸಿತು. ಮೂಲೆಮೂಲೆಯನ್ನೂ ಮೂಸಿತು. ಮೂರು ಸುತ್ತು ಸುತ್ತಿ, ಮೇಷ್ಟ್ರ ಒಲೆಯ ಪಕ್ಕದಲ್ಲಿ ಮಲಗಿ, ಮೂತಿಯನ್ನು ಬಾಲದೊಳಗೆ ಸಿಕ್ಕಿಸಿ ನಿದ್ದೆ ಹೋಯಿತು.

ಇಡೀ ಸಾಲು ನಮ್ಮ ಕಡೆ ತಿರುಗಿತು. ಅಕ್ಕ ನಮ್ಮ ಕೊಪ್ಪರಿಗೆಯೊಳಗೆ ನೋಡುತ್ತ ನಿಂತಳು. ಏರುತ್ತಿದ್ದ ನೊರೆ ಇಳಿದುಹೋಗಿತ್ತು. ಅವಳ ಹುಬ್ಬು ಏನೂ ಹೇಳಲಿಲ್ಲ. ಹುಟ್ಟಿದಾಗಿನಿಂದ ಆ ಹುಬ್ಬುಗಳು ಸುಮ್ಮನಿದ್ದದ್ದನ್ನು ನಾನು ಮೊದಲ ಸಲ ಕಂಡದ್ದು ಆಗಲೇ. ಸೆರಗಿನ ತುದಿಯಿಂದ ನಮ್ಮ ಕಲ್ಲಿನ ಮೇಲೆ ಬಿದ್ದಿದ್ದ ಒಲೆಯ ಬೂದಿಯನ್ನು ಒರೆಸಿದಳು, ಅಷ್ಟೆ.

ನನ್ನ ಎದೆಯಲ್ಲಿ ಕೂಗು ಎದ್ದಿತು. ಇನ್ನು ಕೂಗಿದರೆ ಹೋಗುವುದೇನು, ನಮ್ಮದಂತೂ ಹೋಗಿಯೇ ಹೋಗಿದೆ. ಕೂಗಿದರೆ ಬೂದಿ ಏಳುತ್ತದೆ, ಮೇಷ್ಟ್ರದೂ ಹೋಗುತ್ತದೆ. ಬಾಯಿ ತೆರೆದು ಅವರ ಕಡೆ ತಿರುಗಿದೆ. ಅವರು ನನ್ನನ್ನು ನೋಡುತ್ತಿರಲಿಲ್ಲ. ಬಗ್ಗಿ, ಬೂದಿಯ ಸೊಂಟದ ಕೆಳಗೆ ಮಡಿಚಿಕೊಂಡಿದ್ದ ತಾಟಿನ ಅಂಚನ್ನು ಎರಡು ಬೆರಳಿನಿಂದ ಎಳೆದು ಸರಿಮಾಡುತ್ತಿದ್ದರು. ಮುತ್ತು ಆ ತಾಟಿಲ್ಲದೆ ಎಲ್ಲಿಯೂ ಮಲಗುತ್ತಿರಲಿಲ್ಲ, ಊರಿಗೆಲ್ಲ ಗೊತ್ತು. ಮುತ್ತು ಮಗಳ ಮನೆಗೆ ಹೋಗಿದ್ದರೆ ತಾಟೂ ಜೊತೆಗೆ ಹೋಗಿರುತ್ತಿತ್ತು. ಮುತ್ತು ಎಲ್ಲಿಗೂ ಹೋಗಿಲ್ಲ ಎಂದು ನನಗೆ ಆಗ ತಿಳಿಯಿತು. ಬೂದಿಗೂ ತಿಳಿಯಿತೋ ಏನೋ. ಮರಿಯಾಗಿದ್ದಾಗ ಅದು ನನ್ನ ಕೂಗಿಗೆ ಹೆದರಿ ಓಡಿಹೋಗಿ ಮಲಗುತ್ತಿದ್ದದ್ದು ಅದೇ ತಾಟಿನ ಮೇಲೆ, ಮುತ್ತುವಿನ ಹೊಟ್ಟೆಗೆ ಒತ್ತಿಕೊಂಡು.

ನಾನು ಬಕೆಟ್ ತೆಗೆದುಕೊಂಡೆ. ನಮ್ಮ ಕೊಪ್ಪರಿಗೆಯಲ್ಲಿ ಅದ್ದಿ, ತುಂಬಿಸಿ, ಮೇಷ್ಟ್ರ ಕಡೆ ನಡೆದೆ. ಕುದಿಯುವ ರಸ ಹಿಡಿದು ನಾನು ಅವರ ಕಡೆ ಹೋಗುವುದನ್ನು ಕಂಡು ಸಾಲಿನವರ ಮುಖ ಬಿಳಿಚಿತು. ಒಬ್ಬ ತನ್ನ ನಾಯಿಯ ಕಿವಿಯನ್ನು ಎರಡೂ ಕೈಯಲ್ಲಿ ಮುಚ್ಚಿದ. ಅಕ್ಕ ನನ್ನ ಅಂಗಿಯ ಹಿಂಬದಿ ಹಿಡಿದಳು. ನಾನು ನಿಲ್ಲಲಿಲ್ಲ, ಅಂಗಿಯ ಜೊತೆ ಅವಳೂ ಬಂದಳು. ಮೇಷ್ಟ್ರು ಎದ್ದು ನಿಂತು ನನ್ನನ್ನೇ ನೋಡಿದರು, ಹಿಂದೆ ಸರಿಯಲಿಲ್ಲ. ನಾನು ಬಕೆಟ್ಟನ್ನು ಅವರ ಕೊಪ್ಪರಿಗೆಯ ಅಂಚಿಗೆ ಒರಗಿಸಿ, ಸದ್ದಾಗದ ಹಾಗೆ ಮೆಲ್ಲಗೆ ಬಗ್ಗಿಸಿದೆ. ನಮ್ಮ ಟೀ ಬಣ್ಣದ ರಸ ಅವರ ತಿಳಿರಸದೊಳಗೆ ಹೊಗೆಯ ಹಾಗೆ ಹರಡಿಕೊಂಡಿತು.

ಇಂಥದ್ದನ್ನು ನಮ್ಮೂರಿನಲ್ಲಿ ಯಾರೂ ಮಾಡಿರಲಿಲ್ಲ. ಮಾಡಬಾರದು ಎಂಬ ಮಾತೂ ಇರಲಿಲ್ಲ, ಯಾರಿಗೂ ಹೊಳೆದಿರಲಿಲ್ಲ ಅಷ್ಟೆ. ಒಂದು ಮನೆಯ ರಸವನ್ನು ಇನ್ನೊಂದು ಮನೆಯ ರಸಕ್ಕೆ ಸೇರಿಸುವುದು, ಇಬ್ಬರು ಒಂದೇ ಜೋಡು ಚಪ್ಪಲಿಯಲ್ಲಿ ನಡೆದ ಹಾಗೆ. ನನಗೂ ಅದು ಒಳ್ಳೆಯತನದಿಂದ ಹೊಳೆದದ್ದಲ್ಲ. ನಮ್ಮ ನಾಯಿ ಎಲ್ಲಿದೆಯೋ ನಮ್ಮ ರಸವೂ ಅಲ್ಲಿರಲಿ ಅನ್ನಿಸಿತು. ಬೂದಿಯ ನಿದ್ದೆಯನ್ನು ಮೇಷ್ಟ್ರಿಗೆ ಪೂರ್ತಿ ಬಿಟ್ಟುಕೊಡಲು ನಾನೇನು ದಡ್ಡನೇ?

ಎರಡನೆಯ ಬಕೆಟ್ ತರಲು ತಿರುಗಿದಾಗ ಅಕ್ಕ ಅಂಗಿ ಬಿಟ್ಟಿದ್ದಳು. ಮೂರನೆಯದನ್ನು ಅವಳೇ ತುಂಬಿಸಿದಳು. ಹನ್ನೆರಡು ಬಕೆಟ್ ಆಯಿತು. ಅಷ್ಟರಲ್ಲಿ ಮೇಷ್ಟ್ರು ತಮ್ಮ ಸೌದೆಯನ್ನು ಪಕ್ಕಕ್ಕೆ ಸರಿಸಿ ಇಬ್ಬರು ಕೂರುವಷ್ಟು ಜಾಗ ಮಾಡಿದ್ದರು. ಕೂರಿ ಅನ್ನಲಿಲ್ಲ. ನಾವೂ ಕೇಳಲಿಲ್ಲ. ಕೂತೆವು.

ಮಧ್ಯಾಹ್ನವೆಲ್ಲ ನಾವು ಮೂವರು ಒಂದೇ ಒಲೆಯ ಮುಂದೆ. ಇಷ್ಟು ಹತ್ತಿರದಿಂದ ಮೇಷ್ಟ್ರನ್ನು ನಾನು ಏಳನೇ ಕ್ಲಾಸಿನ ಮೇಲೆ ನೋಡಿರಲಿಲ್ಲ. ಹುಬ್ಬಿನ ಗೆರೆ ನಾನು ಅಂದುಕೊಂಡದ್ದಕ್ಕಿಂತ ಉದ್ದವಾಗಿತ್ತು. ಸ್ವಲ್ಪ ಹೊತ್ತಿನ ಮೇಲೆ ಅಕ್ಕ ಅವರನ್ನು ಏನೋ ಕೇಳಿದಳು, ಬಾಯಿಂದಲ್ಲ, ತಾಟಿನ ಕಡೆ ನೋಡಿ. ಅವರು ತಮ್ಮ ಜೋಗುಳದ ದನಿಯಲ್ಲಿ ಹೇಳಿದರು. ಮುತ್ತು ಹೋಗಿ ಎರಡು ತಿಂಗಳಾಯಿತಂತೆ. ಹಿತ್ತಲಿನಲ್ಲಿ ತಾವೇ ಗುಂಡಿ ತೋಡಿದರಂತೆ. ಯಾರಿಗೂ ಹೇಳಲಿಲ್ಲ, ಹೇಳಿದರೆ ಒಬ್ಬೊಬ್ಬರೂ ಒಂದೊಂದು ಮರಿ ತಂದು ಬಾಗಿಲಲ್ಲಿ ಬಿಡುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗದೆಯೇ ಅಂದರು:

"ಹೋದ ವರ್ಷ ಒಲೆ ಮುಂದೆ ಅವನು ಮಲಗಿದ್ದೇ ಕೊನೇ ಸಲ. ಅದನ್ನೂ ಪೂರ್ತಿ ಮಲಗಗೊಡಲಿಲ್ಲ ಈ ಹುಡುಗ."

ಬೆಳಗಿನ ನಾಲ್ಕು ಕಾಲಿನ ಮಾತು ಎಲ್ಲಿಂದ ಬಂದಿತ್ತೆಂದು ಗೊತ್ತಾಯಿತು. ನನಗೆ ಏನಾದರೂ ಅನ್ನಬೇಕು ಅನ್ನಿಸಿತು, ಆದರೆ ನನ್ನ ಗಂಟಲಿನಲ್ಲಿ ಅಂಥ ಮಾತಿಗೆ ಬಾಗಿಲಿಲ್ಲ. ಒಲೆಗೆ ಸೌದೆ ಒಡ್ಡಿದೆ. ಕೂಡಲೇ ಮೇಷ್ಟ್ರು ನನ್ನ ಮೊಣಕೈ ತಟ್ಟಿ, ದಪ್ಪದ್ದು ಹಿಂದಕ್ಕೆ, ಸಣ್ಣದ್ದು ಮುಂದಕ್ಕೆ, ಎಷ್ಟು ಸಲ ಹೇಳಬೇಕು ಅಂದರು. ಒಮ್ಮೆಯೂ ಹೇಳಿರಲಿಲ್ಲ. ಸೌದೆಯನ್ನು ನಾನು ಒಡ್ಡಿದ ಕಡೆಯಿಂದ ತೆಗೆದು ತಾವು ಒಡ್ಡಿದರು. ಐದು ನಿಮಿಷದ ಮೇಲೆ ಮತ್ತೆ ಅದೇ. ಕಲಕುವ ಹುಟ್ಟು ಹಿಡಿಯುವ ರೀತಿ ಸರಿಯಿಲ್ಲ, ನೊರೆ ತೆಗೆಯುವ ರೀತಿ ಸರಿಯಿಲ್ಲ. ಬಿದ್ದುಹೋಗಿದ್ದ ಕೋಪ ಎದ್ದು ಕೂತಿತು. ಅದರ ಹಿಂದೆಯೇ, ಕರೆಯದೆ, ಹನ್ನೆರಡನೆಯ ಉತ್ತರ ಬಂತು: ನಿಮ್ಮ ಪಾಠ ತಡೀಲಾರದೆ ಮುತ್ತುನೂ ಸ್ಕೂಲು ಬಿಟ್ಟ.

ಬಂದ ಕೂಡಲೇ ಗೊತ್ತಾಯಿತು, ಇದೇ ಎಂದು. ಉಳಿದ ಹನ್ನೊಂದೂ ಇದರ ಮುಂದೆ ಏನೂ ಅಲ್ಲ. ಬೆಳಗಿನ ಅವರ ಮಾತಿಗೆ ಸರಿಯಾಗಿ ಕೂರುತ್ತದೆ, ಊರು ವರ್ಷವೆಲ್ಲ ಹೇಳಿಕೊಂಡು ನಗುತ್ತದೆ. ನಾಲಿಗೆಯ ಕೆಳಗೆ ಇಟ್ಟುಕೊಂಡು ಕೂತೆ. ಮುಂದೆ ಕೊಪ್ಪರಿಗೆಯಲ್ಲಿ ರಸ ಟೀ ಬಣ್ಣದಿಂದ ಜೇನಿನ ಬಣ್ಣಕ್ಕೆ, ಜೇನಿನಿಂದ ತಾಮ್ರಕ್ಕೆ ತಿರುಗಿತು. ಗುಳ್ಳೆಗಳು ಸಣ್ಣವಾಗಿ, ಒಡೆಯುವಾಗ ಪುಸ್ ಪುಸ್ ಎಂದು ದಪ್ಪ ಸದ್ದು ಮಾಡತೊಡಗಿದವು. ಸಾಲಿನ ಬೇರೆ ನಾಯಿಗಳು ಒಂದೊಂದಾಗಿ ಎದ್ದು ಮೈ ಕೊಡವಿ ಹೋದವು. ಬೂದಿ ಏಳಲಿಲ್ಲ. ಎರಡು ಮನೆಯ ನಿದ್ದೆ, ಹೊತ್ತು ಹಿಡಿಯುತ್ತದೆ ಎಂದು ಅಕ್ಕ ಹುಬ್ಬಿನಲ್ಲಿ ಹೇಳಿದಳು. ಹುಬ್ಬು ಮತ್ತೆ ಕೆಲಸಕ್ಕೆ ಬಂದದ್ದು ಕಂಡು ನನಗೆ ಸಮಾಧಾನವಾಯಿತು. ಮೇಷ್ಟ್ರು ಜೇಬಿನಿಂದ ಕಡಲೆ ತೆಗೆದು ಮೂರು ಪಾಲು ಮಾಡಿದರು. ನನ್ನ ಪಾಲು ತಿಂದೆ. ಕಡಲೆಯ ಮೇಲೆ ನನಗೇನು ಕೋಪ.

ಬಿಸಿಲು ಸೋರುಮರಗಳ ನೆತ್ತಿಗೆ ಇಳಿದಿದ್ದಾಗ ಬೂದಿ ಕಣ್ಣು ಬಿಟ್ಟಿತು. ಆಕಳಿಸಿತು. ತಾಟನ್ನು ಇನ್ನೊಮ್ಮೆ ಮೂಸಿ, ಎದ್ದು ನಿಂತಿತು. ನಾನೂ ಮೇಷ್ಟ್ರೂ ಒಟ್ಟಿಗೆ ಕೊಪ್ಪರಿಗೆಯ ಬಳೆಗಳಿಗೆ ಬಡಿಗೆ ತೂರಿಸಿ ಎತ್ತಿದೆವು. ಅವರು ತಮ್ಮ ಕಡೆ ಸ್ವಲ್ಪ ತಗ್ಗಿಸಿದರು. ಸರಿಯಾಗಿ ಹಿಡೀರಿ ಎಂಬ ಮಾತು ಗಂಟಲಿಗೆ ಬಂತು, ಅವರು ಅಷ್ಟರಲ್ಲಿ ಸರಿಮಾಡಿಕೊಂಡರು. ಇಳಿಸಿದೆವು.

ಕಲ್ಲಜ್ಜಿ ಕಡ್ಡಿ ಹಿಡಿದು ಬಂದಳು. ನಮ್ಮ ಖಾಲಿ ಕೊಪ್ಪರಿಗೆಯನ್ನು ನೋಡಿದಳು, ಮೇಷ್ಟ್ರ ತುಂಬಿದ ಕೊಪ್ಪರಿಗೆಯನ್ನು ನೋಡಿದಳು.

"ಇದು ಯಾರದ್ರವ್ವಾ?" ಅಂದಳು.

ಮೇಷ್ಟ್ರು ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ. ಇಬ್ಬರೂ ಬಾಯಿ ತೆರೆಯುವ ಮುಂಚೆ ಅಕ್ಕ ಅಂದಳು: "ನಾಯೀದು, ಅಜ್ಜಿ."

ಕಲ್ಲಜ್ಜಿ ಕಡ್ಡಿ ಅದ್ದಿ ಮೇಷ್ಟ್ರ ಕಲ್ಲಿಗೆ ಮುಟ್ಟಿಸಿ ಎತ್ತಿದಳು. ಎಳೆ ಒಂದು ಗೇಣು ನಿಂತಿತು, ಒಂದೂವರೆ ಗೇಣು ನಿಂತಿತು. ಮತ್ತೆ ಅದ್ದಿ, ನಾಲ್ಕು ಮಾರು ನಡೆದು ಬಂದು, ಅರಿಶಿನ ಹಚ್ಚಿದ ನಮ್ಮ ಕಲ್ಲಿಗೆ ಮುಟ್ಟಿಸಿದಳು. ಇಳಿಬಿಸಿಲಿನಲ್ಲಿ ಎಳೆ ತಾಮ್ರದ ತಂತಿಯ ಹಾಗೆ ಹೊಳೆಯಿತು, ಗಾಳಿಗೆ ಸ್ವಲ್ಪ ಬಾಗಿತು, ಮುರಿಯಲಿಲ್ಲ. ಅಕ್ಕ ಕಲ್ಲಿನ ಪಕ್ಕದಲ್ಲೇ ಕೂತುಬಿಟ್ಟಳು. ಅದರ ನೆತ್ತಿಯ ಮೇಲೆ ಉಳಿದ ಹನಿಯನ್ನು ಬೆರಳಿನಿಂದ ತೆಗೆದು ಬಾಯಿಗಿಟ್ಟುಕೊಂಡಳು.

ಸಾಲಿನ ಕೊನೆಯ ನಾಯಿ ಎದ್ದಾಗಿತ್ತು. ಇನ್ನು ದನಿಗೆ ತಡೆಯಿಲ್ಲ. ಬೆಳಗ್ಗೆಯಿಂದ ಅದುಮಿಟ್ಟ ನಗು, ಕೆಮ್ಮು, ಮಕ್ಕಳ ಕೂಗು ಎಲ್ಲ ಒಮ್ಮೆಗೇ ಬಯಲಿನ ಮೇಲೆ ಎದ್ದವು. ಆಮೇಲೆ, ನನಗೆ ಗೊತ್ತಿದ್ದ ಹಾಗೆಯೇ, ಜನ ನಮ್ಮ ಕಡೆ ಬಂದರು. ಬೇರೆ ಸಾಲಿನವರೂ ಬಂದರು. ಪಿಂಕಿಯನ್ನು ಎತ್ತಿಕೊಂಡು ಆ ಪರಸ್ಥಳದ ಹೆಂಗಸೂ ಬಂದಳು. ಸುತ್ತ ನಿಂತು, ಒಬ್ಬರ ಹಿಂದೊಬ್ಬರು ಸುಮ್ಮನಾದರು. ಎಲ್ಲರ ಕಣ್ಣೂ ನನ್ನ ಬಾಯಿಯ ಮೇಲೆ.

ಮೇಷ್ಟ್ರು ತಾಟನ್ನು ಮಡಿಸುತ್ತಿದ್ದರು. ನಾಲ್ಕು ಮಡಿಕೆ ಮಾಡಿ ಎದೆಗೆ ಹಿಡಿದುಕೊಂಡು ನನ್ನ ಎದುರು ಬಂದು ನಿಂತರು, ಪಾಠ ಒಪ್ಪಿಸಿಕೊಳ್ಳಲು ನಿಂತವರ ಹಾಗೆ. ಈಗ ಅವರ ದನಿ ಜೋಗುಳದ್ದಲ್ಲ, ಶಾಲೆಯದು.

"ಅನ್ನಪ್ಪಾ, ಜವರ. ಬೆಳಗ್ಗೆಯಿಂದ ಕಟ್ಟಿಟ್ಕೊಂಡು ಕೂತಿದ್ದೀಯ, ನನಗೆ ಕಾಣಲ್ವಾ? ಈಗ ಅನ್ನು. ಕೇಳ್ತೀನಿ."

ಹನ್ನೆರಡನೆಯ ಉತ್ತರ ನಾಲಿಗೆಯ ಕೆಳಗೇ ಇತ್ತು. ಒಂದು ಅಕ್ಷರವೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಅವರ ಎದೆಯ ಮೇಲಿದ್ದ ತಾಟಿಗೆ ಬೂದಿಯ ನಾಲ್ಕು ಕೂದಲೂ ಅಂಟಿದ್ದವು, ಕಂದು ಕೂದಲಿನ ನಡುವೆ ಬೇರೆಯಾಗಿ ಕಾಣುತ್ತಿದ್ದವು.

ಬೂದಿ ಆಗಲೇ ಜನರ ಕಾಲುಗಳ ನಡುವೆ ನುಸುಳಿ, ಬಾಲ ಎತ್ತಿಕೊಂಡು ಮರಗಳ ಕಡೆ ಹೊರಟಿತ್ತು. ಅನ್ನೋ, ಏನಾದ್ರೂ ಅನ್ನು ಎಂದು ಮೇಷ್ಟ್ರು ಇನ್ನೊಮ್ಮೆ ಕೂಗಿದರು. ನಾನು ಜನರನ್ನು ಸರಿಸಿಕೊಂಡು ಬೂದಿಯ ಹಿಂದೆ ನಡೆದೆ.